ಹಿಂದೆ ನಿಲ್ಲೋನು

ಮೊಮ್ಮಗ ಫುಟ್‌ಬಾಲಲ್ಲಿ ಬ್ಯಾಕ್. ಇನ್ಮೇಲೆ ಆಡಲ್ಲ ಅಂತ ಮುನಿಸಿಕೊಂಡ. "ಗೋಲು ಹೊಡೆದೋನಿಗೇ ಹೆಸರು, ತಾತಾ." ನಾನು ಜರ್ನೈಲ್ ಸಿಂಗ್ ಕತೆ ತೆಗೆದೆ. ಆತನೂ ಬ್ಯಾಕೇ. 1962ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ತಲೆ ಒಡೆದು ಹೊಲಿಗೆ ಬಿತ್ತು. ಕೋಚ್ ರಹೀಂ ಸಾಹೇಬರು ಅವನನ್ನ ಮುಂದಕ್ಕೆ ಹಾಕಿದ್ರು. ಫೈನಲ್ಲಲ್ಲಿ ದಕ್ಷಿಣ ಕೊರಿಯಾ ಮೇಲೆ ಗೋಲೂ ಹೊಡೆದ. 2-1, ಚಿನ್ನ ನಮ್ಮದು.

"ನೋಡಿ, ಗೋಲು ಹೊಡೆದದ್ದಕ್ಕೇ ಹೆಸರು!" ಅಂದ ಹುಡುಗ. ನನ್ನ ಬಾಯಿ ಕಟ್ಟಿತು. ಅದೇ ತಂಡದಲ್ಲಿ ವಾಳಯಾರ್ ಆಚೆಯ ಇರಿಂಜಾಲಕ್ಕುಡದ ಚಂದ್ರಶೇಖರನೂ ಬ್ಯಾಕ್. ನಮ್ಮ ಟೀ ಅಂಗಡೀಲಿ ಅವನ ಹೆಸರು ಒಬ್ಬರಿಗೂ ಗೊತ್ತಿಲ್ಲ.

ನಾನೂ ಪದ ಹಾಡೋ ಮೇಳದಲ್ಲಿ ಇಪ್ಪತ್ತು ವರ್ಷ ಹಿಮ್ಮೇಳ. ಸೊಲ್ಲು ಎತ್ತಿಕೊಳ್ಳೋರು ಇಲ್ದಿದ್ರೆ ಮುಂದಿನೋನಿಗೆ ಉಸಿರೆಲ್ಲಿ? ಆದರೂ ಶಾಲು ಹೊದಿಸುವಾಗ ನನ್ನ ಮರೆತದ್ದುಂಟು, ಹೊಟ್ಟೆ ಉರಿದದ್ದೂ ಉಂಟು. ಗೋಲು ಹೊಡೀದಿದ್ರೂ ಜರ್ನೈಲ್ ದೊಡ್ಡೋನೇ ಅಂದೆ. ಹುಡುಗ ಒಪ್ಪಲಿಲ್ಲ. ಭಾನುವಾರ ಬೂಟು ಮಾತ್ರ ಹುಡುಕ್ತಿದ್ದ.