ಅಮ್ಮನ ತವರಿನ ಮೇಲೊಂದು ಜಲಯಾನ

ನಮ್ಮ ಮನೆಯಲ್ಲಿ ಜಲಯಾನದ ಮಾತು ಮೊದಲು ಎದ್ದುದು 2024ರ ದೀಪಾವಳಿಯಲ್ಲಿ. ಮಹಾವೀರಸ್ವಾಮಿಯ ನಿರ್ವಾಣಪೂಜೆಯನ್ನು ಬಸದಿಯಲ್ಲಿ ಮುಗಿಸಿಕೊಂಡು ಬಂದು ಎಲ್ಲರೂ ಜಗಲಿಯ ಮೇಲೆ ನೆರೆದಿದ್ದಾಗ, ಬೆಂಗಳೂರಿನಿಂದ ಸಂಸಾರಸಮೇತನಾಗಿ ಬಂದಿದ್ದ ನನ್ನ ತಮ್ಮನು, ಮುಂಬಯಿಯ ಬಂದರಿನಿಂದ ಹೊರಟು ಲಕ್ಷದ್ವೀಪದವರೆಗೆ ಹೋಗಿಬರುವ ವಿಹಾರನೌಕೆಯೊಂದರ ವಿವರಗಳನ್ನು, ಅಂದರೆ ಈಗಿನವರು ಕ್ರೂಸ್ ಎಂದು ಕರೆಯುವ ಪ್ರವಾಸದ ವಿವರಗಳನ್ನು, ಬಹು ಉತ್ಸಾಹದಿಂದ ನಮಗೆ ಓದಿ ಹೇಳಿದನು. ಹಲವು ಅಂತಸ್ತುಗಳ ಹಡಗು, ಕಡಲಿಗೆ ತೆರೆದ ಕಿಟಕಿಯ ಕೋಣೆಗಳು, ಮಕ್ಕಳಿಗೆ ಆಟದ ಅಂಗಳ, ಕೇಳಿದರೆ ಜೈನರಿಗೆ ಸಲ್ಲುವ ಅಡುಗೆ. ಅಮ್ಮನಿಗೆ ಎಪ್ಪತ್ತೆರಡು ತುಂಬಿದೆ, ಮೊಣಕಾಲಿನ ನೋವು ಹೆಚ್ಚುವ ಮೊದಲೇ ಎಲ್ಲರೂ ಒಟ್ಟಾಗಿ ಒಮ್ಮೆ ನೀರಿನ ಮೇಲೆ ಹೋಗಿಬರಬೇಕೆಂಬುದು ಅವನ ಅಂತರಂಗದ ಆಸೆಯಾಗಿತ್ತು.

ಅಂಗಳದಂಚಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯಲ್ಲಿದ್ದ ಗೋಟನ್ನು ಬುಟ್ಟಿಗೆ ಹಾಕಿ, "ನೀರ ಮೇಲೆ ಹೋಗೋದೇ ಆದ್ರೆ ಅಷ್ಟು ದೂರ ಯಾಕೆ ಮಗಾ? ನಮ್ಮೂರ ಮೇಲೆ ಹೋಗಿಬರೋಣ. ಸೇತುವೆ ಮುಗಿಯೋದ್ರೊಳಗೆ ಹೋಗೋಣ" ಎಂದಳು.

ಊರಿನ ಮೇಲೆ ದೋಣಿಯಲ್ಲಿ ಹೋಗುವುದೆಂದರೇನು ಎಂದು ತಮ್ಮನ ಎಂಟು ವರ್ಷದ ಮಗಳು ಕೇಳಿದಳು. ಜಗಲಿಯ ಮೇಲೆ ಯಾರೂ ಕೂಡಲೇ ಉತ್ತರ ಕೊಡಲಿಲ್ಲ.

ಅಮ್ಮನ ತವರು ಸಾಗರ ತಾಲ್ಲೂಕಿನ ಕರೂರು ಸೀಮೆಯ ಒಂದು ಹಳ್ಳಿ. ಜೋಗದ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವ ಸಲುವಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಾಗ ಆ ಹಳ್ಳಿಯ ತಗ್ಗಿನ ಗದ್ದೆಗಳು ಮಾತ್ರ ಹೋದುವೆಂದೂ, ಮನೆ ತೋಟ ಬಸದಿಗಳು ಉಳಿದುವೆಂದೂ ನಮ್ಮ ಅಜ್ಜ ಹೇಳುತ್ತಿದ್ದರು. ಎರಡನೆಯ ಸಲ ಹಾಗಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ, ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ಏರಬಲ್ಲ, ಸುಮಾರು 151 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಆ ವಿಶಾಲ ಜಲಾಶಯವು ಶರಾವತಿಯ ಕಣಿವೆಯನ್ನೆಲ್ಲ ತುಂಬಿಕೊಂಡಾಗ, ಅಮ್ಮನ ಊರೂ ಮುಳುಗಿತು, ಅದನ್ನು ಒಮ್ಮೆ ಉಳಿಸಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಆ ಹಳೆಯ ಅಣೆಕಟ್ಟು ಈಗಲೂ ತಲೆಯೆತ್ತುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಊರುಗಳು ಹಾಗೆ ಏಳುವುದಿಲ್ಲ. ಊರು ಮುಳುಗಿದಾಗ ಅಮ್ಮನಿಗೆ ಹನ್ನೆರಡು ವರ್ಷ. ಪಾತ್ರೆಪಗಡಗಳೊಡನೆ ಲಾರಿ ಹತ್ತಿ, ಶಿವಮೊಗ್ಗೆಯ ಕಡೆ ಕಾಡು ಕಡಿದು ತೋರಿಸಿದ ನೆಲಕ್ಕೆ ಹೋದ ಅವಳು ಮದುವೆಯಾಗಿ ನಮ್ಮ ಊರಾದ ಹುಂಚಕ್ಕೆ ಬಂದಳು. ಅರುವತ್ತು ವರ್ಷಗಳಲ್ಲಿ ಒಮ್ಮೆಯೂ ಹಿನ್ನೀರಿನ ದಡಕ್ಕೆ ಹೋಗಿರಲಿಲ್ಲ, ನಾವು ಕರೆದಿರಲೂ ಇಲ್ಲ. ಹೊರಟ ಕುಟುಂಬಗಳಲ್ಲಿ ಅನೇಕರಿಗೆ ಕೊಟ್ಟ ನೆಲದ ಹಕ್ಕು ಇಂದಿಗೂ ಸ್ಥಿರವಾಗಿಲ್ಲವೆಂಬುದನ್ನು ನೆನೆದರೆ, ನಾಡಿಗೆಲ್ಲ ಬೆಳಕು ಕೊಟ್ಟವರ ಮನೆಯ ಕತ್ತಲೆಯನ್ನು ನಾವು ಎಷ್ಟು ಸುಲಭವಾಗಿ ಮರೆತೆವೆಂದು ಮನಸ್ಸು ಕುದಿಯುತ್ತದೆ.

ಲಕ್ಷದ್ವೀಪದ ಮಾತು ಅಲ್ಲಿಗೆ ನಿಂತಿತು. ಸಿದ್ಧತೆ ಮಾತ್ರ ನಿಲ್ಲಲಿಲ್ಲ, ದಿಕ್ಕು ಬದಲಿಸಿತು.

ಅಮ್ಮ ಹೇಳಿದ ಸೇತುವೆ ಇನ್ನೂ ಮುಗಿದಿರಲಿಲ್ಲ; ಶರಾವತಿಯ ಹಿನ್ನೀರನ್ನು ದಾಟಿಸುವ ಲಾಂಚು ಸಾಗರದ ಕಡೆಯ ಅಂಬಾರಗೋಡ್ಲಿನಿಂದ, ಜನ ಹೊಳೆಬಾಗಿಲು ಎನ್ನುವ ಕಡವಿನಿಂದ, ಆಚೆಯ ಕಳಸವಳ್ಳಿಗೆ ಹೋಗುತ್ತಿತ್ತು. ಮನುಷ್ಯರನ್ನೂ ಕಾರುಗಳನ್ನೂ ಬಸ್ಸುಗಳನ್ನೂ ಒಂದೇ ಹಲಗೆಯ ಮೇಲೆ ಹೊತ್ತು ಒಯ್ಯುವ ಆ ಲಾಂಚೇ ಸಿಗಂದೂರು ಚೌಡೇಶ್ವರಿಯ ಭಕ್ತರಿಗೂ, ತುಮರಿಯ ಕಡೆಯ ಹಳ್ಳಿಗರಿಗೂ ದಶಕಗಳ ಕಾಲ ಏಕಮಾತ್ರ ನೇರ ದಾರಿಯಾಗಿತ್ತು. ರಜೆಯ ದಿನಗಳಲ್ಲಿ ವಾಹನಗಳ ಸಾಲು ಗಂಟೆಗಟ್ಟಲೆ ನಿಲ್ಲುವುದೆಂದೂ, ಸಂಕ್ರಾಂತಿಯ ಜಾತ್ರೆಯ ಹೊತ್ತಿಗೆ ಕಾಲಿಡಲು ಸ್ಥಳವಿರದೆಂದೂ ಬಲ್ಲವರು ಎಚ್ಚರಿಸಿದುದರಿಂದ, 2025ರ ಜನವರಿ 8, ಬುಧವಾರವನ್ನು ನಿಶ್ಚಯಿಸಿದೆವು. ಹಿಂದಿನ ಮಳೆಗಾಲ ಒಳ್ಳೆಯದಾಗಿತ್ತು. ನೀರು ಇಳಿದು ಲಾಂಚಿನಲ್ಲಿ ವಾಹನ ಒಯ್ಯುವುದನ್ನು ನಿಲ್ಲಿಸುವರೆಂಬ ಬೇಸಗೆಯ ಭಯ ಆಗ ಇರಲಿಲ್ಲ. ಬಾಡಿಗೆ ದೋಣಿಯೊಂದನ್ನು ಹಿಡಿದು ಊರಿದ್ದ ಸ್ಥಳಕ್ಕೇ ಸರಿಯಾಗಿ ಹೋಗೋಣವೆಂದು ತಮ್ಮ ಹೇಳಿದನು. ನಾನು ಒಪ್ಪಲಿಲ್ಲ. ಒಣಗಿದ ಮರಗಳ ಬೊಡ್ಡೆಗಳು ನೀರಿನ ಮೈಯ ಕೆಳಗೆ ಅಡಗಿರುವ ಜಲಾಶಯದಲ್ಲಿ, ಮಕ್ಕಳೂ ವೃದ್ಧೆಯೂ ಇರುವ ಸಂಸಾರವನ್ನು ಕಿರುದೋಣಿಗೆ ಹತ್ತಿಸುವುದು ಸಾಹಸವಲ್ಲ, ಅವಿವೇಕ.

ಇನ್ನು ಹೊತ್ತಿನ ಲೆಕ್ಕ. ಅಮ್ಮ ಸೂರ್ಯಾಸ್ತದ ತರುವಾಯ ಆಹಾರ ಮುಟ್ಟುವವಳಲ್ಲ, ಸೂರ್ಯೋದಯಕ್ಕೆ ಮುಂಚೆ ಒಲೆ ಹಚ್ಚುವವಳೂ ಅಲ್ಲ, ನಿನ್ನೆಯ ಅಡುಗೆಯನ್ನು ಇಂದು ಬಡಿಸುವವಳಂತೂ ಅಲ್ಲವೇ ಅಲ್ಲ. ಪುಷ್ಯದ ಬೆಳಗು ನಮ್ಮ ಮಲೆನಾಡಿನಲ್ಲಿ ಏಳು ಗಂಟೆಯ ಸುಮಾರಿಗೆ ಬಿಚ್ಚಿಕೊಳ್ಳುತ್ತದೆ. ಆದಕಾರಣ ಅಡುಗೆ ಮುಗಿದು ಮನೆ ಬಿಡುವುದು ಎಂಟೂವರೆ, ರಿಪ್ಪನ್‌ಪೇಟೆ ಆನಂದಪುರಗಳ ಮೇಲೆ ಸಾಗರ ದಾಟಿ ಹೊಳೆಬಾಗಿಲು ಮುಟ್ಟುವುದು ಮಧ್ಯಾಹ್ನದೊಳಗೆ, ಆಚೆ ದಡದಲ್ಲಿ ಊಟ, ಸಂಜೆ ಸೂರ್ಯ ಮುಳುಗುವ ಮುನ್ನ ಸಾಗರದ ಸೋದರತ್ತೆಯ ಮನೆಯಲ್ಲಿ ಅಮ್ಮನ ಎರಡನೆಯ ಊಟ. ಹಡಗಿನ ಪ್ರವಾಸಕ್ಕೆ ಹೊರಡುವವರು ಹಡಗಿನ ಗಡಿಯಾರಕ್ಕೆ ತಮ್ಮನ್ನು ಹೊಂದಿಸಿಕೊಳ್ಳುತ್ತಾರೆ; ನಾವು ಲಾಂಚಿನ ವೇಳೆಯನ್ನೂ ಸೂರ್ಯನ ವೇಳೆಯನ್ನೂ ಒಂದಕ್ಕೊಂದು ಹೊಂದಿಸಲು ಒಂದು ಸಂಜೆಯನ್ನೇ ಕಳೆದೆವು. ಗದ್ದೆ ಬೆಟ್ಟಗಳ ತಿರುವುದಾರಿಯಲ್ಲಿ ಮಕ್ಕಳಿಗೆ ವಾಂತಿಯಾದರೆ ಬಾಯಿಗೆ ಹಾಕಲು ಏಲಕ್ಕಿ, ಅಮ್ಮ ಕೂರಲು ಮಡಿಚುವ ಕುರ್ಚಿ, ಕಡವಿನ ಇಳಿಜಾರಿಗೆ ಊರುಗೋಲು, ನಮ್ಮ ಬಾವಿಯ ಗಾಳಿಸಿದ ನೀರು ತುಂಬಿದ ಎರಡು ತಾಮ್ರದ ತಂಬಿಗೆ, ಮೂರು ಮಡಿಕೆಯ ಬಿಳಿಯ ಗಾಳಿಸುವ ಬಟ್ಟೆ. ಈ ಬಟ್ಟೆ ಏತಕ್ಕೆ, ನೀರು ಹೇಗೂ ಮನೆಯಿಂದಲೇ ಹೊರಟಿದೆಯಲ್ಲ, ಎಂದು ನನ್ನ ಹೆಂಡತಿ ಕೇಳಿದಾಗ ಅಮ್ಮ, "ಇರಲಿ ಬಿಡು" ಎಂದಷ್ಟೇ ಹೇಳಿ ಅದನ್ನು ತನ್ನ ಚೀಲದಲ್ಲಿ ತಾನೇ ಇಟ್ಟುಕೊಂಡಳು.

ಹೊರಡುವುದಕ್ಕೆ ಎರಡು ದಿನ ಮುಂಚೆ ನಡೆದ ಒಂದು ಸಂಗತಿಯನ್ನು ನಾನು ಸಾವಕಾಶವಾಗಿ ಹೇಳಬೇಕು. ಊರು ಹೇಗಿತ್ತು ಅಜ್ಜಿ ಎಂದು ಮಕ್ಕಳು ಬೆನ್ನು ಹತ್ತಿದಾಗ, ಅಮ್ಮ ಕಡುಬಿಗೆಂದು ಮೊರದಲ್ಲಿ ಕೇರುತ್ತಿದ್ದ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ, ತೋರುಬೆರಳಿನಿಂದ ಅದರ ನಡುವೆ ಒಂದು ಗೆರೆ ಎಳೆದಳು. "ಇದು ಹೊಳೆ" ಎಂದಳು. ಗೆರೆಯ ಎಡಕ್ಕೆ ಅಕ್ಕಿಯನ್ನು ಸ್ವಲ್ಪ ಗುಪ್ಪೆ ಮಾಡಿ ಗುಡ್ಡವೆಂದಳು, ಗುಡ್ಡದ ಬುಡಕ್ಕೆ ಒಂದು ಅಡಿಕೆಯನ್ನಿಟ್ಟು ಮನೆಯೆಂದಳು. ಮನೆಯ ಹಿಂದೆ ತೋಟ, ತೋಟಕ್ಕೆ ನೀರುಣಿಸುವ ದಂಬೆ, ದಂಬೆಯ ತಲೆಯಲ್ಲಿ ಕೆರೆ. ಕೆರೆಯ ಏರಿಯ ಮೇಲೆ ನಡೆದರೆ ಚಿಕ್ಕ ಬಸದಿ. ಅದಕ್ಕೆ ಒಂದು ಏಲಕ್ಕಿಯನ್ನಿಟ್ಟಳು. ಮಾರಿಬನದಲ್ಲಿ ನೇರಳೆಮರ, ದೀವರ ಕೇರಿಗೆ ಹೋಗುವ ಅಗಳು, ಚಿಕ್ಕಪ್ಪನ ಮನೆ. ಅವಳ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಮೊರ ಅಲುಗಿದರೆ ಊರು ಕದಲುವುದೆಂದು ಚಿಕ್ಕವನು ಎರಡೂ ಕೈಗಳಿಂದ ಅದರ ಅಂಚನ್ನು ಹಿಡಿದುಕೊಂಡಿದ್ದನು. ನಲವತ್ತೆಂಟು ವರ್ಷ ಆ ತಾಯಿಯ ಮಗನಾಗಿ ಬಾಳಿದ ನಾನು ಅಂದೇ ಮೊದಲ ಬಾರಿಗೆ ಅವಳ ಊರನ್ನು ಕಂಡೆನು. ಅಮ್ಮ ಆ ಅಕ್ಕಿಯನ್ನು ಮತ್ತೆ ಡಬ್ಬಿಗೆ ಸುರಿಯಲಿಲ್ಲ. ಬೇರೆಯಾಗಿ ಗಂಟು ಕಟ್ಟಿಟ್ಟು, ಹೊರಡುವ ಬೆಳಗ್ಗೆ ಅದರ ತರಿಯಿಂದಲೇ ಕಡುಬು ಮಾಡಿದಳು.

ಅಡುಗೆಯ ನಡುವೆಯೇ ನಾವು ಪದ್ಮಾವತಿ ಅಮ್ಮನವರ ಸನ್ನಿಧಿಗೆ ಹೋಗಿಬಂದೆವು. ಉತ್ತರದ ಮಧುರೆಯಿಂದ ಬಂದ ಜಿನದತ್ತರಾಯನು ಕಬ್ಬಿಣವನ್ನು ಹೊನ್ನಾಗಿಸಿದ ಈ ದೇವಿಯ ಅನುಗ್ರಹದಿಂದ ಸಾಂತರ ರಾಜ್ಯವನ್ನು ಇಲ್ಲಿ ಸ್ಥಾಪಿಸಿದನೆಂಬುದು ಹುಂಚದ ಮನೆಮನೆಯ ಕಥೆ. ದೇವಿಯ ಬಲಗಡೆಯಿಂದ ಹೂ ಜಾರಿದರೆ ಅಪ್ಪಣೆಯಾಯಿತೆಂದು ನಮ್ಮ ಮನೆಯವರು ನಂಬುತ್ತಾರೆ. ಆ ಬೆಳಗ್ಗೆ ಹೂ ಜಾರಿತು. ಅಮ್ಮ ಕಣ್ಣಿಗೊತ್ತಿಕೊಂಡು, ಎಂದೂ ಬತ್ತದ ಮುತ್ತಿನಕೆರೆಯ ಕಡೆಗೊಮ್ಮೆ ತಿರುಗಿ ನೋಡಿ ನಡೆದಳು. ದಾರಿಯಲ್ಲಿ ನನಗೆ ತೋಚಿದ ಮಾತೊಂದಿದೆ. ನಮ್ಮ ಹುಂಚದ ಮಗ್ಗುಲಲ್ಲಿ ಹುಟ್ಟುವ ಕುಮುದ್ವತಿ ಪೂರ್ವಾಭಿಮುಖಿಯಾಗಿ ತುಂಗಭದ್ರೆಯನ್ನು ಸೇರುತ್ತಾಳೆ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಾಭಿಮುಖಿಯಾಗಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಂದು ನದಿಯ ಮಡಿಲಿನಿಂದ ಬಂದವಳು ಐವತ್ತು ವರ್ಷ ಇನ್ನೊಂದು ನದಿಯ ತಲೆಯಲ್ಲಿ ಸಂಸಾರ ಮಾಡಿದಳು.

ಸಾಗರದಲ್ಲಿ ಹಾಲು ಕೊಳ್ಳಲು ನಿಂತಾಗ ಅಂಗಡಿಯವರು ನಾ. ಡಿಸೋಜರ ಮಾತನ್ನೇ ಆಡುತ್ತಿದ್ದರು. ಆ ತಿಂಗಳ 5ರಂದು ಅವರು ತೀರಿಕೊಂಡಿದ್ದರು. ಶರಾವತಿ ಯೋಜನೆಯಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದುಕೊಂಡು, ಮುಳುಗುವವರ ಕಷ್ಟವನ್ನು ಹತ್ತಿರದಿಂದ ಕಂಡು, 'ಮುಳುಗಡೆ', 'ದ್ವೀಪ'ಗಳಂಥ ಕಾದಂಬರಿಗಳನ್ನು ಬರೆದ ಅವರಿಗೆ ನಮ್ಮಂಥ ಮನೆಗಳು ತೀರಿಸಲಾಗದ ಋಣದಲ್ಲಿವೆ. ಅಮ್ಮ ಅವರ ಪುಸ್ತಕ ಓದಿದವಳಲ್ಲ. ಸುದ್ದಿ ಕೇಳಿ, "ನಮ್ಮ ಕಥೆ ಬರೆದವರಂತಲ್ಲ" ಎಂದು ಕೈಮುಗಿದಳು.

ಆವಿನಹಳ್ಳಿ ದಾಟಿ ಹೊಳೆಬಾಗಿಲಿನ ಇಳಿಜಾರಿಗೆ ಬಂದಾಗ ಹನ್ನೆರಡು ಹೊಡೆದಿರಲಿಲ್ಲ. ಎದುರಿಗೆ ಆಕಾಶವನ್ನೇ ಹಾಸಿದಂತೆ ನೀರು. ಬಲಕ್ಕೆ ಆ ನೀರಿನಿಂದೆದ್ದು ನಿಂತ ಸೇತುವೆಯ ಕಂಬಗಳೂ, ಅವುಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳೂ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆ ಅದೇ ವರ್ಷದ ಜುಲೈ 14ರಂದು ಉದ್ಘಾಟನೆಯಾಯಿತು. ಇರುಳು ಬಸುರಿಯೊಬ್ಬಳು ನೋವು ತಿಂದರೆ ಬೆಳಗಿನ ಲಾಂಚಿಗಾಗಿ ಕಾಯಬೇಕಾಗಿದ್ದ ಸೀಮೆಗೆ ಅದು ಬೇಕೇ ಬೇಕಾಗಿತ್ತು, ಅದನ್ನು ನಾನು ಮನಸಾರೆ ಹರಸುತ್ತೇನೆ.

ಲಾಂಚು ದಡಕ್ಕೆ ತಾಗಿ ಕಬ್ಬಿಣದ ಹಲಗೆಯನ್ನು ಇಳಿಸಿತು. ಒಂದು ಬಸ್ಸು, ಏಳೆಂಟು ಕಾರು, ಬೈಕುಗಳು, ಹಾಲಿನ ಕ್ಯಾನು, ಸಿಮೆಂಟಿನ ಚೀಲ, ಶಾಲೆಯ ಮಾಸ್ತರರೊಬ್ಬರು. ಕಾಲುಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ. ಅಮ್ಮ ಕುರ್ಚಿ ಬೇಡವೆಂದಳು. ಕಂಬಿಯನ್ನು ಹಿಡಿದು ನಿಂತು, ನೀರನ್ನು ನೋಡದೆ, ನೀರಿನ ಆಚೆಯ ಗುಡ್ಡಗಳ ನೆತ್ತಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಗುಡ್ಡಗಳ ಮೈಯೆಲ್ಲ ಮುಳುಗಿ ನೆತ್ತಿ ಮಾತ್ರ ದ್ವೀಪವಾಗಿ ಉಳಿದಿರುವಾಗ ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಲಾಂಚು ನಡುನೀರಿಗೆ ಬಂದಾಗ ಅವಳು ಎಡಗಡೆ ಬಹುದೂರದಲ್ಲಿದ್ದ ಒಂದು ನೆತ್ತಿಯ ಕಡೆ ಕೈ ಚಾಚಿದಳು. ಒಂದು ಮಗ್ಗುಲು ಕಡಿದಾದ, ಇನ್ನೊಂದು ಮಗ್ಗುಲು ಎಮ್ಮೆಯ ಬೆನ್ನಿನಂತೆ ಜಾರಿದ ಗುಡ್ಡ.

"ಅದರ ಬುಡದಲ್ಲಿ" ಎಂದಳು.

"ಅಡಿಕೆ ಇಟ್ಟಿದ್ಯಲ್ಲ, ಅಲ್ಲಾ ಅಜ್ಜಿ?" ಎಂದು ಹುಡುಗಿ ಕೇಳಿದಳು.

"ಹೂಂ. ಅಲ್ಲೇ."

ಮೊರ ಹಿಡಿದಿದ್ದ ಚಿಕ್ಕವನು ಕಂಬಿಯ ಸಂದಿಯಿಂದ ಅತ್ತ ನೋಡುತ್ತ, ಏಲಕ್ಕಿ ಎಲ್ಲಿ, ನೇರಳೆಮರ ಎಲ್ಲಿ ಎಂದು ಕೇಳುತ್ತಲೇ ಇದ್ದನು. ಅಮ್ಮ ಪ್ರತಿಯೊಂದಕ್ಕೂ ನೀರಿನ ಮೇಲೆ ಸ್ಥಳ ತೋರಿಸಿದಳು. ಅವಳು ಅತ್ತಳೋ ಎಂದು ನಾನು ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ.

ಕಳಸವಳ್ಳಿಯ ದಡದಲ್ಲಿ ಉಳಿದವರೆಲ್ಲ ಸಿಗಂದೂರಿನ ಕಡೆಗೆ ಧಾವಿಸಿದರು. ನಾವು ದಾರಿಯಿಂದ ಬದಿಗೆ ಸರಿದು ಒಂದು ಮತ್ತಿಮರದ ನೆರಳಿನಲ್ಲಿ ಚಾಪೆ ಹಾಸಿದೆವು. ಹೆಂಗಸರು ಕಡುಬಿನ ಪಾತ್ರೆ ಬಿಚ್ಚುತ್ತಿರುವಾಗ ಅಮ್ಮ ಖಾಲಿಯಾಗಿದ್ದ ಒಂದು ತಂಬಿಗೆಯನ್ನೂ ಆ ಬಿಳಿಯ ಬಟ್ಟೆಯನ್ನೂ ಹಿಡಿದುಕೊಂಡು, ಊರುಗೋಲನ್ನೂ ಮೊಮ್ಮಗಳ ಭುಜವನ್ನೂ ಆಧಾರ ಮಾಡಿಕೊಂಡು, ಮೆಲ್ಲಮೆಲ್ಲನೆ ನೀರಿನಂಚಿಗೆ ಇಳಿದಳು. ನಾನು ಹಿಂದೆ ಹೋದೆನು. ಅವಳು ತಂಬಿಗೆಯ ಬಾಯಿಗೆ ಬಟ್ಟೆಯನ್ನು ಮೂರು ಮಡಿಕೆ ಮಾಡಿ ಬಿಗಿದು, ಬೊಗಸೆಬೊಗಸೆಯಾಗಿ ಹಿನ್ನೀರನ್ನು ಎತ್ತಿ ಗಾಳಿಸಿದಳು. ಮೂರು ಗುಟುಕು ಕುಡಿದಳು. ಮಗುವಿಗೂ ನನಗೂ ಒಂದೊಂದು ಗುಟುಕು ಕೊಟ್ಟಳು. ಆಮೇಲೆ, ಬಟ್ಟೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಯಾವ ನೀರಿನಿಂದ ಬಂದುವೋ ಆ ನೀರಿಗೇ ಸೇರಬೇಕೆಂಬ ನಮ್ಮ ಮನೆಯ ನೇಮದಂತೆ, ಬಟ್ಟೆಯನ್ನು ಮಗುಚಿ, ನೀರಿನ ಮೈಗೆ ಹತ್ತಿರ ಹಿಡಿದು, ಮೇಲಿನಿಂದ ಗಾಳಿಸಿದ ನೀರನ್ನು ನಿಧಾನವಾಗಿ ಹೊಯ್ದು, ಅವುಗಳನ್ನು ಹಿಂದಕ್ಕೆ ಬಿಟ್ಟಳು.

ಬಟ್ಟೆಯನ್ನು ಹಿಂಡದೆ ಹಾಗೆಯೇ ತೋಳಿನ ಮೇಲೆ ಹಾಕಿಕೊಂಡು, "ಹೊತ್ತಾಯ್ತು, ಮಕ್ಕಳಿಗೆ ಬಡಿಸ್ರೇ" ಎಂದು ಸೊಸೆಯರನ್ನು ಕೂಗಿದಳು.