ಗೆದ್ದೆತ್ತಿನ ಬಾಲ ಹಿಡಿದು

ಸೋಲುವ ತಂಡದ ಅಭಿಮಾನಿಗೆ ಒಂದು ಸುಖವಿದೆ: ಬಾಯ್ತುಂಬ ಬೈಯಬಹುದು. ಗೆಲ್ಲುತ್ತಲೇ ಇದ್ದರೂ ನೆಟ್ಟಗೆ ಗೆಲ್ಲದ ತಂಡದ ಅಭಿಮಾನಿಗೆ ಆ ಭಾಗ್ಯವೂ ಇಲ್ಲ. ‘ಗೆದ್ದರಲ್ಲ ಮಾರಾಯ, ಇನ್ನೇನು ಬೇಕು ನಿನಗೆ?’ ಎಂದು ಬಾಯಿ ಮುಚ್ಚಿಸುತ್ತಾರೆ. ನಾನು ಓದಲೆಂದು ಒಹಾಯೊದ ಕೊಲಂಬಸ್ಸಿನಲ್ಲಿದ್ದಾಗ, 2002ರಲ್ಲಿ, ಊರಿಗೆ ಊರೇ ಈ ಸಂಕಟ ಅನುಭವಿಸುತ್ತಿತ್ತು.

ಅಲ್ಲಿನ ಫುಟ್‌ಬಾಲ್ ಕಾಲಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಮೈಮೇಲೆ ನುಗ್ಗುವ ಆಟ. ನಾಲ್ಕು ಯತ್ನದೊಳಗೆ ಹತ್ತು ಗಜ ದಾಟಬೇಕು, ಆಗದಿದ್ದರೆ ಚೆಂಡು ಅವರ ಪಾಲು. ಕಾಲೇಜು ಹುಡುಗರ ಈ ಆಟ ನೋಡಲು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಶನಿವಾರ ಲಕ್ಷ ಜನ ಬರುತ್ತಾರೆ. ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲದ ನಾನೂ ಆ ಜಾತ್ರೆಯಲ್ಲಿ ಕೊಚ್ಚಿಹೋದೆ.

ಆಗಿನ ಕೋಚ್ ಜಿಮ್ ಟ್ರೆಸೆಲ್. ಟೈ, ಅದರ ಮೇಲೆ ತೋಳಿಲ್ಲದ ಸ್ವೆಟರ್, ಗಣಿತದ ಮೇಷ್ಟರ ಮುಖ. ಆಟದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಂಟ್ ಎಂಬುದು ಅವರ ಸಿದ್ಧಾಂತ. ಪಂಟ್ ಎಂದರೆ, ಇನ್ನು ನಮ್ಮ ಕೈಲಾಗದು ಎಂದು ಚೆಂಡನ್ನು ದೂರ ಒದ್ದು ಎದುರಾಳಿಗೇ ಒಪ್ಪಿಸುವುದು! ಒದ್ದು ಅವರನ್ನು ಮೂಲೆಗೆ ತಳ್ಳು, ಅಲ್ಲೇ ಕತ್ತು ಹಿಸುಕು. ಲೆಕ್ಕ ಸರಿಯೇ, ರಕ್ಷಣಾ ಪಡೆಯೂ ಗಟ್ಟಿಯಿತ್ತು. ನೋಡುವವನ ಗತಿ? ಸಿನ್ಸಿನಾಟಿ ವಿರುದ್ಧ 23-19, ವಿಸ್ಕಾನ್ಸಿನ್ ವಿರುದ್ಧ 19-14, ಪೆನ್ ಸ್ಟೇಟ್ ವಿರುದ್ಧ 13-7. ಟೆಕ್ಸಾಸ್ ಟೆಕ್ಕನ್ನು 45-21ರಿಂದ ಬಡಿದವರೂ ಇವರೇ. ಆಡಲು ಬಾರದವರಾಗಿದ್ದರೆ ಸುಮ್ಮನಿರುತ್ತಿದ್ದೆವು.

ಆಗ ಪ್ರಶಸ್ತಿಗೆ ಆಡುತ್ತಿದ್ದದ್ದು ರ‍್ಯಾಂಕಿಂಗಿನ ಮೊದಲ ಎರಡು ತಂಡ ಮಾತ್ರ. ರ‍್ಯಾಂಕಿಂಗ್ ಹುಟ್ಟುತ್ತಿದ್ದದ್ದು ಮತ ಮತ್ತು ಕಂಪ್ಯೂಟರ್ ಎರಡರ ಬೆರಕೆಯಿಂದ. ಗೆಲುವಿನ ಅಂತರವನ್ನು ಕಂಪ್ಯೂಟರ್ ಲೆಕ್ಕದಿಂದ ಆ ವರ್ಷ ತೆಗೆದುಹಾಕಿದ್ದರು. ಮತ ಹಾಕುವ ಪತ್ರಕರ್ತರ, ಕೋಚ್‌ಗಳ ಕಣ್ಣಿನಿಂದ ತೆಗೆಯುವುದು ಹೇಗೆ? ಏದುಸಿರು ಬಿಡುತ್ತಾ ಗೆದ್ದವರನ್ನು ಅವರು ನಂಬುತ್ತಾರೆಯೇ ಎಂಬ ದಿಗಿಲು ನಮಗೆ.

ನವೆಂಬರ್ 9ರಂದು ಪರ್ಡ್ಯೂ ತಂಡದ ಊರಿನಲ್ಲಿ ಆಟ. ನಾವು 3, ಅವರು 6. ಉಳಿದಿದ್ದದ್ದು ಎರಡು ನಿಮಿಷಕ್ಕೂ ಕಮ್ಮಿ. ನಾಲ್ಕನೇ ಯತ್ನ, ಬೇಕಾದದ್ದು ಒಂದೇ ಒಂದು ಗಜ. ಇಡೀ ಋತು ಇಂಚಿಂಚೇ ತೆವಳಿದ ತಂಡ, ಇಲ್ಲೂ ತೆವಳುತ್ತದೆ ಎಂದುಕೊಂಡೆವು. ಮಾಲಿಕ್ಯುಲರ್ ಜೆನೆಟಿಕ್ಸ್ ಓದುತ್ತಿದ್ದ, ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕ್ರೇಗ್ ಕ್ರೆಂಜಲ್ ಹಿಂದೆ ಸರಿದು ಚೆಂಡನ್ನು ಆಕಾಶಕ್ಕೆ ಎಸೆದ. ಅದು 37 ಗಜ ದಾಟಿ, ಅಂಕದ ಗೆರೆಯಾಚೆ ನಮ್ಮ ಮೈಕಲ್ ಜೆಂಕಿನ್ಸ್ ಕೈಗೆ ಬಂದು ಬಿತ್ತು. 10-6. ಜನ ಕುಣಿದರು, ನಾನೂ ಕುಣಿದೆ. ಆಮೇಲೆ ಸಿಟ್ಟು ಬಂತು. ಇಷ್ಟು ಎದೆಗಾರಿಕೆ ಇದ್ದವರು ಮೊದಲೇ ಎಸೆಯಬಾರದಿತ್ತೇ? ಮೂರು ಗಂಟೆ ನಮ್ಮ ಪ್ರಾಣ ಯಾಕೆ ಹಿಂಡಿದಿರಿ?

ಅಷ್ಟಾದರೂ ಬುದ್ಧಿ ಕಲಿಯಲಿಲ್ಲ. ಇಲಿನಾಯ್ ವಿರುದ್ಧ ಹೆಚ್ಚುವರಿ ಆಟಕ್ಕೆ ಹೋಗಿ ಗೆದ್ದರು. ಬದ್ಧವೈರಿ ಮಿಷಿಗನ್ ವಿರುದ್ಧ 14-9. ಅವರ ಕಡೆಯ ಎಸೆತವನ್ನು ಗೆರೆಯ ಅಂಚಿನಲ್ಲಿ ಹಿಡಿದು ಉಳಿದುಕೊಂಡರು. ಪ್ರಶಸ್ತಿ ಪಂದ್ಯದಲ್ಲಿ ಎದುರಾದದ್ದು ಸತತ 34 ಪಂದ್ಯ ಗೆದ್ದಿದ್ದ ಮಯಾಮಿ. ಅದನ್ನೂ ಎರಡು ಹೆಚ್ಚುವರಿ ಸರದಿಗೆ ಎಳೆದು 31-24ರಿಂದ ಗೆದ್ದರು. 1968ರ ನಂತರ ದಕ್ಕಿದ ರಾಷ್ಟ್ರೀಯ ಪಟ್ಟ! ಹದಿನಾಲ್ಕು ಆಟ, ಹದಿನಾಲ್ಕು ಗೆಲುವು. ಅದರಲ್ಲಿ ಅರ್ಧದಷ್ಟು ಏಳು ಅಂಕದೊಳಗಿನವು.

ಚಾಂಪಿಯನ್ನರಾದ ಮೇಲಾದರೂ ನೆಮ್ಮದಿ ಸಿಕ್ಕೀತು ಎಂದುಕೊಂಡಿದ್ದೆವು. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ಎಂಬ ಸಾಧಾರಣ ತಂಡ ನಮ್ಮೂರಿಗೆ ಬಂತು. ನಮ್ಮ ಆಕ್ರಮಣ ಪಡೆಗೆ ಚೆಂಡನ್ನು ಗೆರೆ ದಾಟಿಸಿ ಒಂದೇ ಒಂದು ಟಚ್‌ಡೌನ್ ಹೊಡೆಯಲಾಗಲಿಲ್ಲ. 16-13ರಿಂದ ನಾವೇ ಗೆದ್ದೆವು, ಬೈದುಕೊಂಡೇ ಮನೆಗೆ ಹೋದೆವು.