ಟೆರೇಸ್ ಡೈರಿ 6: ಅಲ್ಗೋಲ್ ಮಂಕಾದ ರಾತ್ರಿ

ಮೊದಲ ಫೋಟೊದಲ್ಲಿ ಇರೋದು ಕಪ್ಪು ಆಕಾಶ, ಎಂಟ್ಹತ್ತು ಚುಕ್ಕಿ. ಅಷ್ಟೇ. ಸ್ವೈಪ್ ಮಾಡಿ, ಅದೇ ಜಾಗ, ಸುಮಾರು ಮೂರು ಗಂಟೆ ಆದ್ಮೇಲೆ. ಒಂದು ಚುಕ್ಕಿ ಮಂಕಾಗಿದೆ. ಯಾವುದು ಅಂತ ನೀವೇ ಹುಡುಕಿ, ಆಮೇಲೆ ಮುಂದೆ ಓದಿ.

ಅದು ಅಲ್ಗೋಲ್. ಕ್ಯಾಸಿಯೋಪಿಯಕ್ಕೂ ಕೃತ್ತಿಕೆಗೂ ನಡುವೆ, ಪರ್ಸಿಯಸ್ ಪುಂಜದಲ್ಲಿದೆ. ಒಂದೇ ಚುಕ್ಕಿ ಥರ ಕಂಡರೂ ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. (ಮೂರನೆಯದೂ ಇದೆ, ಅದು ಈ ಆಟಕ್ಕಿಲ್ಲ.) ಮಂಕಾದದ್ದು ಪ್ರಕಾಶವಾದದ್ದರ ಮುಂದೆ ಬಂದಾಗ ನಮಗೆ ಗ್ರಹಣ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ, ತಪ್ಪದೆ. ಅಂದ್ರೆ ಗುರುವಾರ ಬೆಳಗಿನ ಜಾವ 2ಕ್ಕೆ ಆದರೆ, ಮುಂದಿನದು ಶನಿವಾರ ರಾತ್ರಿ 10:49ಕ್ಕೆ, ಆಮೇಲೆ ಮಂಗಳವಾರ ಸಂಜೆ 7:38ಕ್ಕೆ. ಅದರ ನಂತರದ್ದು ಹಗಲಿಗೆ ಬಿತ್ತು, ಲೆಕ್ಕಕ್ಕಿಲ್ಲ. ನಾನು ಶನಿವಾರ ಹಿಡಿದೆ.

ಟೆಲಿಸ್ಕೋಪ್ ಬೇಡ. ಇಸ್ಕೊಂಡು ಬಂದ ಬೈನಾಕ್ಯುಲರ್ ಕೂಡ ಪಕ್ಕಕ್ಕಿಟ್ಟೆ. ಹೋಲಿಸಿ ನೋಡಬೇಕಾದ ನಕ್ಷತ್ರ ಅದರಲ್ಲಿ ಒಟ್ಟಿಗೆ ಹಿಡಿಸೋಲ್ಲ. ಬರಿಗಣ್ಣೇ ವಾಸಿ. ಪಕ್ಕದ ಎಪ್ಸಿಲಾನ್ ಪರ್ಸಿಯ ಕಾಂತಿಮಾನ 2.9. ಅಲ್ಗೋಲ್ 2.1ರಿಂದ 3.4ಕ್ಕೆ ಇಳಿಯುತ್ತೆ. ಸಂಖ್ಯೆ ಏರಿದಷ್ಟೂ ಬೆಳಕು ಕಮ್ಮಿ, ಸಾಲದ ಖಾತೆ ಥರ. 8 ಗಂಟೆಗೆ ಅಲ್ಗೋಲೇ ಮುಂದು. 9:30ಕ್ಕೆ ಎರಡೂ ಸಮ. 10:45ಕ್ಕೆ ಅಲ್ಗೋಲ್ ಸೋತಿತ್ತು.

ಸೋತಿತ್ತಾ? ಟೈಮ್ ಮೊದಲೇ ಗೊತ್ತಿದ್ದವಳಿಗೆ ಮಂಕಾದ ಹಾಗೆ ಕಾಣದೆ ಇನ್ನೇನು! ಲೆಕ್ಕ ಬರೆದವರೇ ಆಡಿಟ್ ಮಾಡಬಾರದು ಅಂತ ಕ್ಲಾಸಲ್ಲಿ ಹೇಳ್ತಾರಲ್ಲ. ಅದಕ್ಕೆ ಅಮ್ಮನ್ನ ಕರೆದೆ. 8 ಗಂಟೆಗೂ ಕೇಳಿದ್ದೆ, ಕಾರಣ ಹೇಳದೆ: “ಈ ಎರಡರಲ್ಲಿ ಯಾವುದಮ್ಮ ಜೋರು?” ಆಗ “ಇದು” ಅಂತ ಅಲ್ಗೋಲ್ ತೋರಿಸಿದ್ದಳು. ಈಗ ಸೀರೆ ಸೆರಗು ಹೊದ್ದುಕೊಂಡು ಸ್ವಲ್ಪ ಹೊತ್ತು ನೋಡಿದಳು. “ಅದು. ಇದ್ಯಾಕೆ ಹಿಂಗಾಯ್ತು?”

ಕಾಮರ್ಸ್ ತಗೊಂಡೋಳಿಗೆ ನಕ್ಷತ್ರ ಯಾಕೆ ಅಂತ ಕೇಳ್ತಿದ್ದವಳೂ ಇವಳೇ.

ಇದೇ ನಕ್ಷತ್ರವನ್ನ 1782ರ ನವೆಂಬರ್‌ನಿಂದ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್‌ರಿಕ್ ಅನ್ನೋ ಹುಡುಗ ರಾತ್ರಿ ರಾತ್ರಿ ನೋಡಿದ. ಚಿಕ್ಕಂದಿನಲ್ಲೇ ಕಿವಿ ಕೇಳಿಸದಂತಾಗಿತ್ತು. ಅವಧಿ ಲೆಕ್ಕ ಹಾಕಿ, ಕಪ್ಪು ಕಾಯವೊಂದು ಅಡ್ಡ ಬರ್ತಿರಬಹುದು ಅಂತ ಬರೆದಾಗ ಅವನಿಗೆ 18. ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಡ್ತು. 1786ರಲ್ಲಿ ತೀರಿಕೊಂಡ, 21ಕ್ಕೆ. ನನಗೆ ಬರೋ ವರ್ಷ ಅಷ್ಟೇ ಆಗುತ್ತೆ.

ಕೊನೇ ಫೋಟೊ ನನ್ನ ಲೆಡ್ಜರ್ ಪುಸ್ತಕ. ಎಡಗಡೆ ನನ್ನ ಎಂಟ್ರಿ, ಬಲಗಡೆ ಅಮ್ಮಂದು. ಮಂಗಳವಾರ ಮೋಡ ಇಲ್ಲದಿದ್ರೆ ಅವಳೂ ಬರ್ತಾಳಂತೆ.

#ಟೆರೇಸ್‌ಡೈರಿ #ಅಲ್ಗೋಲ್